ಯಾರೂ ನಿಂತಿರದ ಬಲೆತುಂಡು

ತ್ರಾಸಿಯ ಗುಡ್ಡ ಮೊಗವೀರನ ಹತ್ತಿರ ‘ಎಷ್ಟು’ ಎಂದು ಕೇಳಿ ನೆಟ್ಟಗಿನ ಉತ್ತರ ಪಡೆದವರು ಆ ಕಡಲ ಕರೆಯಲ್ಲಿ ಒಬ್ಬರೂ ಇರಲಿಲ್ಲ. ಮೀನು ಎಷ್ಟು ಬಿತ್ತು ಅಂದರೆ ‘ಬಿದ್ದಷ್ಟ್’. ಮಗಳಿಗೆ ಎಷ್ಟು ವಯಸ್ಸು ಅಂದರೆ ‘ಶಾಲಿಗ್ ಹೋಪಷ್ಟ್’. ಒಮ್ಮೆ ಹೆಂಡತಿ, ಮಗಳ ಜೊತೆ ಕುಂದಾಪುರದ ಬಸ್ಸಿನಲ್ಲಿ ಕೂತಿದ್ದಾಗ ಕಂಡಕ್ಟರ್ ಬಂದು "ಎಷ್ಟ್ ಜನ?" ಎಂದ. "ನಿಂಗ್ ಕಣ್ಣಿಲ್ಯಾ? ಎಣ್ಸ್ಕೋ" ಎಂದು ಗುಡ್ಡ ಗದರಿದ. ಕಂಡಕ್ಟರ್ ಎಣಿಸಿ ಮೂರು ಟಿಕೆಟ್ ಹರಿದ. ಗುಡ್ಡ ಆ ಮೂರು ಟಿಕೆಟನ್ನು ಮತ್ತೆ ಎಣಿಸಿ ಜೇಬಿಗೆ ಹಾಕಿಕೊಂಡ.

ಜನ ಇದಕ್ಕೆ ಸೊಕ್ಕು ಅಂದರು. ಸೊಕ್ಕಲ್ಲ. ಇದು ಶುರುವಾದದ್ದು 1997ರಲ್ಲಿ.

ಆ ವರ್ಷ ಮುಂಬಯಿಯಿಂದ ಒಬ್ಬ ಏಜೆಂಟ್ ಬಂದು ಕುಂದಾಪುರದ ಒಂದು ಲಾಡ್ಜಿನಲ್ಲಿ ಕೂತಿದ್ದ. ಗಲ್ಫಿನಲ್ಲಿ ಮೀನು ಕತ್ತರಿಸುವ ಕಾರ್ಖಾನೆ, ಊಟ ವಸತಿ ಪುಕ್ಕಟೆ, ಎರಡು ವರ್ಷದಲ್ಲಿ ಮನೆ ಕಟ್ಟಬಹುದು ಎಂದು ಹೇಳಿದ. ಮಾತು ಬೆಣ್ಣೆಯ ಹಾಗಿತ್ತು. ಗುಡ್ಡನ ಹತ್ತಿರ ಒಂದು ಕಾಗದ ಕೇಳಲಿಲ್ಲ, ಒಂದು ಸಂಶಯ ಎತ್ತಲಿಲ್ಲ, ಗುಡ್ಡ ಹೇಳಿದ್ದಕ್ಕೆಲ್ಲ ‘ಅಡ್ಡಿಲ್ಲ, ಅಡ್ಡಿಲ್ಲ’ ಎಂದ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. "ನಿನ್ನ ಹತ್ತಿರ ಎಷ್ಟಿದೆ?"

ಗುಡ್ಡನಿಗೆ ಆಗ ಮೂವತ್ತೊಂದು. ಕಪಟ ತಿಳಿಯದ ಪ್ರಾಯ. ಅಪ್ಪ ಬಿಟ್ಟುಹೋದ ದುಡ್ಡು, ಹೆಂಡತಿ ಪುಷ್ಪಳ ಬಳೆ, ಸರ ಎಲ್ಲ ಸೇರಿಸಿ ನಲವತ್ತೆರಡು ಸಾವಿರ ಆಗುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ಸರಿ ಹಾಗಾದರೆ. ನಿನ್ನಿಂದ ಆಗುವಷ್ಟು ನೀನು ಹಾಕು, ಉಳಿದದ್ದು ಕಂಪನಿ ಹಾಕುತ್ತದೆ" ಎಂದ ಏಜೆಂಟ್. ಗುಡ್ಡ ಮುಂಬಯಿಗೆ ಹೋಗಿ ಹನ್ನೊಂದು ದಿನ ಒಂದು ಚಾಳಿನ ಜಗಲಿಯಲ್ಲಿ ಮಲಗಿ, ಕಂಪನಿಯೂ ಇಲ್ಲ, ಏಜೆಂಟನೂ ಇಲ್ಲ ಎಂದು ಗೊತ್ತಾದ ಮೇಲೆ ತಿರುಗಿ ಬಂದ. ಊರಲ್ಲಿ ಕೇಳಿದವರಿಗೆ ಹೋದದ್ದು ಹತ್ತು ಸಾವಿರ ಎಂದ. ನಿಜ ಗೊತ್ತಿದ್ದದ್ದು ಪುಷ್ಪಳಿಗೆ ಮಾತ್ರ. ಅವಳು ಅಂದಿನಿಂದ ಕೈಗೆ ಗಾಜಿನ ಬಳೆ ಹಾಕಿಕೊಂಡು ಹೆಮ್ಮಾಡಿಯಲ್ಲಿ ಬುಟ್ಟಿ ಇಟ್ಟು ಮೀನು ಮಾರಲು ಕೂತಳು. ಗುಡ್ಡ ಅಂದಿನಿಂದ ಯಾರಿಗೂ ಯಾವ ಲೆಕ್ಕವನ್ನೂ ಹೇಳುವುದು ಬಿಟ್ಟ.

ಅವನ ಈ ಗುಣ ಒಮ್ಮೆ ಊರಿಗೇ ಉಪಯೋಗಕ್ಕೆ ಬಂತು. ಅವನು ಸೇರಿಕೊಂಡದ್ದು ಕೈರಂಪಣಿಗೆ. ದೋಣಿ ಬಲೆಯನ್ನು ಕಡಲಿನಲ್ಲಿ ಅರ್ಧ ಸುತ್ತು ಬಿಟ್ಟು ಬರುತ್ತದೆ, ದಡದಲ್ಲಿ ನಿಂತವರು ಎರಡು ಕಡೆಯಿಂದ ಹಗ್ಗ ಹಿಡಿದು ಎಳೆಯುತ್ತಾರೆ. ಆ ಬಲೆ ಒಬ್ಬರದಲ್ಲ. ಇಪ್ಪತ್ತೆರಡು ಮನೆಯವರು ಒಂದೊಂದು ತುಂಡು ತಂದು ಹೊಲಿದು ಸೇರಿಸಿದ ಉದ್ದದ ಬಲೆ. ತುಂಡು ಇದ್ದವನಿಗೆ ಮೀನಿನಲ್ಲಿ ಪಾಲು. ದೋಣಿಯೂ, ಅದರ ಎಂಜಿನ್ನೂ ಹಾಗೆಯೇ ಎಲ್ಲರದು. ಆದರೆ ಎಂಜಿನ್ನಿಗೆ ಸರ್ಕಾರ ಅಗ್ಗದಲ್ಲಿ ಕೊಡುವ ಸೀಮೆಎಣ್ಣೆ ಬೇಕಾದರೆ ದೋಣಿ ಒಬ್ಬನ ಹೆಸರಿಗೆ ರಿಜಿಸ್ಟರ್ ಆಗಬೇಕು. ಯಾರ ಹೆಸರಿಗೆ? ಮೂರು ದಿನ ಜಗಳ ಆಯಿತು. ಕೊನೆಗೆ ಬಲೆಯ ಹಿರಿಯ ಚಂದಯ್ಯ ಹೇಳಿದ, "ಗುಡ್ಡನ ಹೆಸ್ರಿಗ್ ಮಾಡಿ. ಅವ ಯಾರನ್ನೂ ನಂಬುದಿಲ್ಲೆ. ಆ ಕಾಗ್ದ ದೇವ್ರ್ ಬಂದ್ ಕೇಂಡ್ರೂ ಕೊಡ ಅವ." ಎಲ್ಲರೂ ನಕ್ಕು ಒಪ್ಪಿದರು. ಹೀಗೆ ಒಂದು ತುಂಡು ಬಲೆಯ ಗುಡ್ಡ ಕಾಗದದ ಮೇಲೆ ದೋಣಿ ಯಜಮಾನನಾದ. ಆ ಕಾಗದವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹೆಂಚಿನ ಮಾಡನ್ನು ಹೊರುವ ಪಕಾಸಿಗೆ ಸಿಕ್ಕಿಸಿ ಇಟ್ಟ. ಹತ್ತು ವರ್ಷ ಅದು ಅಲ್ಲೇ ಇತ್ತು.

2008ರಲ್ಲಿ ಅವನ ಮಗಳು ಶರಣ್ಯಾ ಕುಂದಾಪುರದಲ್ಲಿ ಎರಡನೇ ಪಿಯುಸಿ. ಆ ಹುಡುಗಿಗೆ ಒಂದು ವಿಷಯ ಸಾಕಾಗುತ್ತಿರಲಿಲ್ಲ. ಮೀನಿನ ಹೊಟ್ಟೆ ಬಗೆದು ಒಳಗೇನಿದೆ ಎಂದು ಬರೆದಿಡುವುದು, ಹಳಬರು ಗಾಳಿಗೆ ಇಟ್ಟ ಹೆಸರುಗಳನ್ನು ಬರೆದಿಡುವುದು, ಮತ್ತೆ ಇಂಗ್ಲಿಷ್ ಕತೆಪುಸ್ತಕ. ಅವಳಿಗೆ ಇಂಗ್ಲಿಷ್ ಕಲಿಸುತ್ತಿದ್ದ ಅಮಿತಾ ಎಂಬವರು ದಿನಾ ಬ್ರಹ್ಮಾವರದಿಂದ ಬಸ್ಸಿನಲ್ಲಿ ಬರುವವರು. ಅವರೇ ಹುಡುಗಿಯ ಕಿವಿಗೆ ಈ ವಿಷಯ ಹಾಕಿದ್ದು. ಅಮೆರಿಕದಲ್ಲಿ ಸಣ್ಣ ಸಣ್ಣ ಕಾಲೇಜುಗಳಿವೆ, ಅಲ್ಲಿ ವಿಜ್ಞಾನ, ಚರಿತ್ರೆ, ಸಾಹಿತ್ಯ ಎಲ್ಲ ಒಟ್ಟಿಗೆ ಓದಬಹುದು, ಬಡವರ ಮಕ್ಕಳಿಗೆ, ಅದೂ ಹೊರದೇಶದವರಿಗೆ, ಕೆಲವು ಕಾಲೇಜುಗಳು ಪೂರ್ತಿ ಖರ್ಚು ಕೊಡುತ್ತವೆ ಎಂದು.

ಸುದ್ದಿ ಕೇಳಿದ ಗುಡ್ಡ ಲುಂಗಿಯಲ್ಲೇ ಬಸ್ಸು ಹತ್ತಿ ಕಾಲೇಜಿಗೆ ಬಂದ. ಮಾಸ್ತರುಗಳು ಕೂರುವ ಕೋಣೆಯ ಬಾಗಿಲಲ್ಲಿ ನಿಂತು ಕೂಗಿದ.

"ಹ್ವಾಯ್ ಟೀಚರೇ, ನನ್ ಹೆಣ್ಣಿನ್ ತಲಿಗೆ ಎಂತ ತುಂಬ್ಸಿದ್ರಿ ನೀವ್?"

"ಕೂಕಣಿ ಗುಡ್ಡಣ್ಣ" ಎಂದು ಅಮಿತಾ ಕುರ್ಚಿ ತೋರಿಸಿದರು.

"ಕೂಕಂಬುಕ್ ಬಂದದ್ದಲ್ಲ ನಾನ್. ನಾಕ್ ವರ್ಷ ಓದಿ ಎಂತ ಆತ್ಲ್ ಅವ್ಳ್? ಡಾಕ್ಟ್ರಾ?"

"ಅಲ್ಲ."

"ಇಂಜಿನಿಯರಾ?"

"ಅಲ್ಲ."

"ಮತ್ತೆಂತ ಆತ್ಲ್?"

"ಓದ್ದವ್ಳ್ ಆತ್ಲ್" ಎಂದರು ಅಮಿತಾ.

ಗುಡ್ಡನಿಗೆ ಇದಕ್ಕೆ ತಕ್ಷಣ ಬೈಗುಳ ಸಿಗಲಿಲ್ಲ. ಬೇರೆ ಕಡೆಯಿಂದ ಹಿಡಿದ. "ಅಲ್ಲ, ಆ ಬಿಳಿಯರಿಗ್ ಮಳ್ಳಾ? ನನ್ ಮಗ್ಳಿಗ್ ಅನ್ನ ಹಾಕಿ ಓದ್ಸುಕೆ ನಾನೆಂತ ಅವ್ರ ನೆಂಟನಾ? ಅರ್ಜಿಗ್ ಎಷ್ಟ್ ದುಡ್ ಕಟ್ಕ್?"

"ಅರ್ಜಿಗ್ ದುಡ್ ಬೇಡ. ಬಡವ್ರಿಗ್ ಅದೂ ಬಿಡ್ತ್ರ್."

"ಕಂಡ್ರ್ಯಾ! ಗಾಳಕ್ ಚುಚ್ಚಿದ್ ಎರಿ ಯಾವತ್ತಾರೂ ಮೀನಿನತ್ರ ದುಡ್ ಕೇಂಡಿತ್ತಾ ಟೀಚರೇ?"

ಕೋಣೆಯಲ್ಲಿದ್ದವರು ನಕ್ಕರು. ಅಮಿತಾ ನಗಲಿಲ್ಲ. "ಹಾಂಗಲ್ಲ ಗುಡ್ಡಣ್ಣ. ಅವ್ರ್ ಮೊದ್ಲ್ ನಿಮ್ಮತ್ರ ಎಷ್ಟಿತ್ತ್ ಅಂದ್ ಕೇಂತ್ರ್. ನಿಮ್ಮಿಂದ ಅಪ್ಪಷ್ಟ್ ನೀವ್ ಕೊಡುದ್. ಉಳ್ದದ್ದ್ ಅವ್ರೇ ಹಾಕ್ತ್ರ್."

ಲಾಡ್ಜಿನ ಕೋಣೆ, ಆ ಏಜೆಂಟನ ಬಿಳಿ ಅಂಗಿ, ಎಲ್ಲ ಗುಡ್ಡನ ಕಣ್ಣ ಮುಂದೆ ಬಂತು. ಅದೇ ಪ್ರಶ್ನೆ, ಅದೇ ಮಾತು. ಹನ್ನೊಂದು ವರ್ಷದ ಮೇಲೆ, ಅದೂ ಓದಿದ ಹೆಂಗಸಿನ ಬಾಯಲ್ಲಿ! ಅವನು ತಿರುಗಿ ನಡೆದ.

ಮನೆಯಲ್ಲಿ ರಂಪ ಮಾಡಿದ. ಅರ್ಜಿ ಗಿರ್ಜಿ ಬೇಡ, ಪಿಯುಸಿ ಮುಗಿಸಿ ಮನೆಯಲ್ಲಿರು ಎಂದ. ಶರಣ್ಯಾ ಅಳಲಿಲ್ಲ, ಊಟ ಬಿಡಲಿಲ್ಲ. ಅಪ್ಪನ ಎದುರು ಕೂತು ಬಂಗುಡೆ ಸಾರಿನಲ್ಲಿ ಹೊಟ್ಟೆ ತುಂಬ ಉಂಡು, "ಅಪ್ಪಯ್ಯ, ನಾನ್ ಅರ್ಜಿ ಹಾಕ್ತೆ" ಎಂದಳು. ಪುಷ್ಪ ಒಲೆಯ ಮುಂದಿನಿಂದಲೇ ಹೇಳಿದಳು. "ಬಳಿ ತೆಗ್ದ್ ಕೊಡುವತ್ತಿಗೆ ನನ್ನತ್ರ ಯಾರೂ ಕೇಂಡಿರ್ಲಿಲ್ಲೆ. ಈ ಹೆಣ್ ಕೇಂತಾ ಇತ್ತ್. ಆಗ ಹೋದ್ದ್ ಬಂಗಾರ ಹ್ವಾಯ್, ಈಗ ಹೋಪುದ್ ಬರೀ ಕಾಗ್ದ. ಕೊಡಿ." ಗುಡ್ಡ ಕೈತೊಳೆಯಲು ಎದ್ದ. ಹನ್ನೊಂದು ವರ್ಷದಲ್ಲಿ ಅವಳು ಬಳೆಯ ಸುದ್ದಿ ಎತ್ತಿದ್ದು ಅದೇ ಮೊದಲು.

ಶರಣ್ಯಾ ಮಂಗಳೂರಿಗೆ ಹೋಗಿ ಅಮೆರಿಕದ ಕಾಲೇಜಿನವರ ಪರೀಕ್ಷೆ ಬರೆದು ಬಂದಳು. ಕುಂದಾಪುರದ ಸೈಬರಿನಲ್ಲಿ ಕೂತು ಪ್ರಬಂಧ ಬರೆದಳು. ಆಮೇಲೆ ಬಂತು ದುಡ್ಡಿನ ಫಾರಮ್ಮು. ಆ ಫಾರಮ್ಮು ಕಂಡು ಗುಡ್ಡನ ನೆತ್ತಿಗೆ ಬೆಂಕಿ ಹತ್ತಿತು. ಅಪ್ಪನ ಸಂಪಾದನೆ ಎಷ್ಟು, ಅಮ್ಮನದು ಎಷ್ಟು, ಮನೆಗೆ ಎಷ್ಟು ಕೋಣೆ, ವಾಹನ ಎಷ್ಟು, ಊಟಕ್ಕೆ ಎಷ್ಟು ಖರ್ಚು, ನೆಂಟರು ಏಕೆ ಸಹಾಯ ಮಾಡುವುದಿಲ್ಲ! ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ. "ಎಲ್ಲದ್ಕೂ ‘ಇದ್ದಷ್ಟು’ ಅಂದ್ ಬರಿ" ಎಂದು ಎದ್ದು ಹೋದ. ಶರಣ್ಯಾ ತಾನು ಕಂಡಷ್ಟನ್ನು ತಾನೇ ತುಂಬಿದಳು. ಮೀನಿನ ಪಾಲು, ಅಮ್ಮನ ಬುಟ್ಟಿ, ಹೆಂಚಿನ ಮನೆ, ಒಂದು ತುಂಡು ಬಲೆ. ದೋಣಿಯ ಹೆಸರೆತ್ತಲಿಲ್ಲ. ದೋಣಿ ತಮ್ಮದಲ್ಲ ಎಂದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು.

ಅದರ ಜೊತೆ ಇನ್ನೊಂದು ಹಾಳೆ. ಅದನ್ನು ಬ್ಯಾಂಕಿನವರೇ ತುಂಬಿ, ಸೀಲು ಹಾಕಿ, ಲಕೋಟೆ ಅಂಟಿಸಿ ಕೊಡಬೇಕು. ಹುಡುಗಿ ಕೇಳಿದರೆ ಬ್ಯಾಂಕಿನಲ್ಲಿ ಕೊಡುವುದಿಲ್ಲ, ಖಾತೆ ಇದ್ದವನೇ ಹೋಗಬೇಕು. 2009ರ ಜನವರಿಯಲ್ಲಿ ಗುಡ್ಡ ಗೊಣಗುತ್ತಾ ಹೋದ.

ಮ್ಯಾನೇಜರ್ ಘಟ್ಟದ ಮೇಲಿನವರು, ಹೊಸದಾಗಿ ಬಂದವರು. ಪಾಸ್ ಪುಸ್ತಕ ತಿರುಗಿಸಿ ನೋಡಿ ಕನ್ನಡಕ ತೆಗೆದರು. "ಮೂರು ಸಾವಿರದ ನೂರ ನಲವತ್ತು. ಇಷ್ಟಿಟ್ಟುಕೊಂಡು ಮಗಳನ್ನ ಅಮೆರಿಕಕ್ಕೆ ಕಳಿಸ್ತೀರೇನ್ರೀ? ಮಂಗಳೂರಿನವರೆಗೆ ಬಸ್ಸಿಗೆ ಆಗಬಹುದು." ಸಾಲಿನಲ್ಲಿ ನಿಂತಿದ್ದವರು ಕಿಸಕ್ಕೆಂದರು. ಅದರಲ್ಲಿ ಬಲೆಯ ಪಾಲುದಾರ ನಾಗನ ಹೆಂಡತಿ ಜಲಜಳೂ ಇದ್ದಳು.

ಗುಡ್ಡ ಸೀದಾ ಮನೆಗೆ ಹೋದ. ಪಕಾಸಿನಿಂದ ಆ ಚೀಲ ಎಳೆದು ತೆಗೆದ. ಹತ್ತು ವರ್ಷದ ಧೂಳು ಕೊಡವದೆ ಬಂದು ಮ್ಯಾನೇಜರರ ಮೇಜಿನ ಮೇಲೆ ಬಡಿದ. "ಕಾಣಿ! ಸರ್ಕಾರದ್ ಸೀಲ್! ದೋಣಿ ಯಜಮಾನ ನಾನ್! ಯಾರತ್ರ ಮಾತಾಡ್ತಾ ಇದ್ರಿ ಗೊತ್ತಿತ್ತಾ ನಿಮ್ಗೆ?"

ಮ್ಯಾನೇಜರರ ಮುಖ ಅರಳಿತು. "ಮೊದಲೇ ಹೇಳೋದಲ್ವಾ ಯಜಮಾನ್ರೇ!" ಎಂದು ಕುರ್ಚಿ ಕೊಡಿಸಿದರು, ಚಾ ತರಿಸಿದರು. ಹಾಳೆಯಲ್ಲಿ ಇತರ ಆಸ್ತಿ ಎಂಬ ಕಡೆ ಮೀನುಗಾರಿಕೆ ದೋಣಿ ಒಂದು, ಎಂಜಿನ್ ಒಂದು, ಬಲೆ, ಅಂದಾಜು ಬೆಲೆ ಎಂಟು ಲಕ್ಷ ಎಂದು ಚೆಂದದ ಅಕ್ಷರದಲ್ಲಿ ಬರೆದರು. ಕಾಗದದ ಜೆರಾಕ್ಸ್ ಲಗತ್ತಿಸಿ, ಲಕೋಟೆ ಅಂಟಿಸಿ, ಅಂಟಿನ ಮೇಲೆ ಮೂರು ಸೀಲು ಒತ್ತಿದರು. ಗುಡ್ಡ ಚಾ ಕುಡಿದು ಎದೆ ಮುಂದೆ ಮಾಡಿಕೊಂಡು ಹೊರಬಂದ. ಲಕೋಟೆಯನ್ನು ಮಗಳ ಕೈಗೆ ಕೊಟ್ಟ. ಒಳಗೇನಿದೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಮೂರು ವಾರ ಕಳೆದು ಅಮೆರಿಕದ ಕಾಲೇಜಿನಿಂದ ಈಮೇಲ್ ಬಂತು. ಎರಡು ಕಾಗದ ತಾಳೆ ಆಗುತ್ತಿಲ್ಲ. ಮಗಳ ಫಾರಮ್ಮಿನಲ್ಲಿ ದೋಣಿ ಇಲ್ಲ, ಬ್ಯಾಂಕಿನ ಹಾಳೆಯಲ್ಲಿ ಎಂಟು ಲಕ್ಷದ ದೋಣಿ ಇದೆ. ದೋಣಿ ನಿಮ್ಮದೇ ಆದರೆ ನಾವು ಕೊಡುವ ಸಹಾಯ ಕಡಿಮೆಯಾಗುತ್ತದೆ, ವರ್ಷಕ್ಕೆ ನೀವು ಇಷ್ಟು ಡಾಲರ್ ಹಾಕಬೇಕಾಗುತ್ತದೆ. ನಿಮ್ಮದಲ್ಲದಿದ್ದರೆ ಹತ್ತು ದಿನದೊಳಗೆ ರುಜುವಾತು ಕಳಿಸಿ. ಆ ಡಾಲರನ್ನು ಅಮಿತಾ ರೂಪಾಯಿಗೆ ತಿರುಗಿಸಿ ಹೇಳಿದರು. ಅಷ್ಟು ಹಣಕ್ಕೆ ಅವರ ಮನೆ, ಹಿತ್ತಲು, ಎಲ್ಲ ಮಾರಿದರೂ ಸಾಲದು.

"ನಾನ್ ಹೇಳ್ಲಿಲ್ಯಾ?" ಎಂದು ಗುಡ್ಡ ಅಂಗಳದಲ್ಲಿ ನಿಂತು ಆರ್ಭಟಿಸಿದ. "ಇದ್ದದ್ದ್ ಎಷ್ಟ್ ಅಂದ್ ತಿಳ್ಕಂಡ್ರ್, ಈಗ ಅದ್ನೇ ಕೊಡಿ ಅಂತ್ರ್! ಅದೇ ಏಜೆಂಟ್! ಅದೇ ಜಾತಿ!"

"ಇದ್ದದ್ದಲ್ಲ ಅಪ್ಪಯ್ಯ" ಎಂದಳು ಶರಣ್ಯಾ. "ಇಲ್ಲದ್ದನ್ನ ಇತ್ತ್ ಅಂದ್ ಹೇಳದ್ದ್ ನೀನ್."

ಗುಡ್ಡ ಅಂಗಳ ದಾಟಿ ಕಡಲಿನ ಕಡೆ ನಡೆದ.

ಇಷ್ಟೇ ಆಗಿದ್ದರೆ ಬೇರೆ ಮಾತು. ಜಲಜ ಬ್ಯಾಂಕಿನಲ್ಲಿ ಕಂಡದ್ದನ್ನು ಮನೆಗೆ ಹೋಗಿ ಹೇಳಿದ್ದಳು, ಅದು ಕಡಲ ಕರೆಯುದ್ದಕ್ಕೂ ಬೆಳೆಯುತ್ತ ಹೋಗಿತ್ತು. ಮರುದಿನ ಬೆಳಿಗ್ಗೆ ಬಲೆ ಎಳೆಯುವ ಹೊತ್ತಿಗೆ ಗುಡ್ಡ ತನ್ನ ಜಾಗಕ್ಕೆ ಹೋಗಿ ಹಗ್ಗಕ್ಕೆ ಕೈ ಹಾಕಿದ. ಅವನ ಮುಂದಿನವನು ಹಗ್ಗ ಬಿಟ್ಟು ನಿಂತ. ಹಿಂದಿನವನೂ ಬಿಟ್ಟ.

"ನೀನ್ ಹಿಡಿಬೇಡ" ಎಂದ ನಾಗ. "ದೋಣಿ ಅಡವಿಟ್ಟವ್ನ್ ಕೈಯಂಗೆ ನಮ್ಗ್ ಹಗ್ಗ ಬೇಡ."

"ಯಾರ್ ಅಡವಿಟ್ಟದ್ದ್?"

"ಬ್ಯಾಂಕಿಗ್ ಕಾಗ್ದ ಕೊಡ್ಲಿಲ್ಯಾ ನೀನ್? ಚಾ ಕುಡ್ದ್ ಬರ್ಲಿಲ್ಯಾ? ನಾಳಿ ಅಮೆರಿಕದವ್ರ್ ಬಂದ್ ದೋಣಿ ಎಳ್ಕಂಡ್ ಹೋಪತ್ತಿಗೆ ನಾವೆಂತ ದಡದಂಗೆ ನಿಂತ್ ಟಾಟಾ ಮಾಡುದಾ?"

ಗುಡ್ಡ ಬಗ್ಗಿ ಹುಟ್ಟು ಎತ್ತಿಕೊಂಡ. ನಾಗನೂ ಹಿಂದೆ ಸರಿಯಲಿಲ್ಲ. ಮೀನಿಗೆ ಬುಟ್ಟಿ ಹಿಡಿದು ಕಾಯುತ್ತಿದ್ದ ಹೆಂಗಸರು ಕಿರುಚಿದರು. ಬಲೆ ನೀರಿನಲ್ಲಿ, ಎಳೆಯುವವರಿಲ್ಲ, ಮೀನು ಬಲೆ ಹಾರಿ ಹೋಗುತ್ತಿದೆ. ಎಪ್ಪತ್ತು ದಾಟಿದ ಚಂದಯ್ಯ ನಡುವೆ ಬಂದು ನಿಂತು ಮೊದಲು ಹಗ್ಗ ತೋರಿಸಿದ. "ಬಲಿ ಎಳಿನಿ. ಜಗ್ಳ ಎಲ್ಲಿಗೂ ಓಡಿಹೋತಿಲ್ಲೆ, ಮೀನ್ ಹೋತ್ತ್." ಎಲ್ಲರೂ ಎಳೆದರು. ಗುಡ್ಡ ಒಬ್ಬನೇ ಹುಟ್ಟು ಹಿಡಿದು ದೂರ ನಿಂತಿದ್ದ. ಹತ್ತು ಹನ್ನೆರಡು ವರ್ಷದಲ್ಲಿ ಬಲೆ ಅವನಿಲ್ಲದೆ ದಡಕ್ಕೆ ಬಂದದ್ದು ಅವತ್ತೇ ಇರಬೇಕು.

ಮೀನು ತೆಗೆದಾದ ಮೇಲೆ ಚಂದಯ್ಯ ದೋಣಿಯ ಅಂಚಿನಲ್ಲಿ ಕೂತ. "ಗುಡ್ಡ, ಇಲ್ಲ್ ಬಾ. ಈ ಕಾಗ್ದ ನಿನ್ನತ್ರ ಇಡುಕ್ ಹೇಳದ್ದ್ ನಾನ್. ಈಗ ನಾನ್ ಕೇಂತೆ, ಹೇಳ್. ನಿನ್ನತ್ರ ಎಷ್ಟಿತ್ತ್?"

ಅದೇ ಪ್ರಶ್ನೆ. ಗುಡ್ಡ ಹುಟ್ಟಿನ ತುದಿಯಿಂದ ಮರಳು ಕೆದಕಿದ. ಬುಟ್ಟಿ ಹಿಡಿದ ಪುಷ್ಪ ಅಲ್ಲೇ ನಿಂತಿದ್ದಳು. ಶರಣ್ಯಾಳಿಗೆ ಇನ್ನು ಒಂಬತ್ತು ದಿನ. ಈಗಲೂ ‘ಇದ್ದಷ್ಟು’ ಅಂದರೆ ಮಗಳ ಓದೂ ಹೋಯಿತು, ಹಗ್ಗವೂ ಹೋಯಿತು.

"ಎಂತ ಇತ್ತ್ ಚಂದಯ್ಯಣ್ಣ" ಎಂದ ಕೊನೆಗೆ. "ಬ್ಯಾಂಕಿನಂಗೆ ಮೂರ್ ಸಾವ್ರದ್ ನೂರಾ ನಲವತ್ತ್. ಅದ್ನ ಕಂಡ್ ಆ ಮ್ಯಾನೇಜರ್ ನೆಗಾಡ್ದ. ನಂಗ್ ಸಿಟ್ ಬಂತ್. ದೋಣಿ ನಂದ್ ಅಂದೆ. ಅಡ ಇಡ್ಲಿಲ್ಲೆ, ದೇವ್ರಾಣೆ. ಬರೀ ಸೊಕ್ಕಿಗ್ ಹೇಳದ್ದ್." ಯಾರೂ ಕೇಳದೆಯೇ ಇನ್ನೊಂದು ಹೇಳಿದ. "ಮುಂಬಯಿಗ್ ಹೋದಾಗ್ಳಿಕೆ ಹೋದ್ದ್ ಹತ್ತ್ ಸಾವ್ರ ಅಲ್ಲ. ನಲವತ್ತೆರ್ಡ್. ಇವ್ಳ್ ಬಂಗಾರ ಎಲ್ಲ."

ಜಗಳಕ್ಕೆ ನಿಂತಿದ್ದ ನಾಗ ತಲೆ ಕೆರೆದುಕೊಂಡ. "ನಮ್ ಭಾವನೂ ಆ ಏಜೆಂಟನತ್ರವೇ ಕೊಟ್ಟದ್ದ್" ಎಂದ. "ಊರಂಗೆ ಐದ್ ಸಾವ್ರ ಅಂದಿತ್ತ್ ನಾವ್. ಇಪ್ಪತ್ತ್ ಅದ್."

"ಹೋ! ಹಂಗಾರೆ ಕಳ್ಕಂಡದ್ರಂಗೂ ಸುಳ್ಳಾ ನಿಮ್ದ್?" ಎಂದಳು ಹೆಂಗಸರ ನಡುವಿನಿಂದ ರತ್ನ. ನಗು ಎದ್ದಿತು. ಗುಡ್ಡ ನಗಲಿಲ್ಲ, ಆದರೆ ಹುಟ್ಟನ್ನು ದೋಣಿಯೊಳಗೆ ಇಟ್ಟ.

ಜಗಳ ಆರಿತು, ಕೆಲಸ ಆರಲಿಲ್ಲ. ದೋಣಿ ಇಪ್ಪತ್ತೆರಡು ಮನೆಯವರದು ಎಂದು ಬರೆದು ಸಹಿ ಮಾಡಿಕೊಡಿ ಎಂದರೆ ಒಬ್ಬನೂ ಮುಂದೆ ಬರಲಿಲ್ಲ. ಆ ಕಾಗದ ಮೀನುಗಾರಿಕೆ ಇಲಾಖೆಯವರ ಕೈಗೆ ಸಿಕ್ಕರೆ ಪರ್ಮಿಟ್ ರದ್ದಾಗಿ ಸೀಮೆಎಣ್ಣೆ ನಿಂತೀತು ಎಂಬ ಹೆದರಿಕೆ. ಅದು ಸುಳ್ಳು ಹೆದರಿಕೆ ಎಂದು ಹೇಳುವ ಹಾಗೂ ಇರಲಿಲ್ಲ. ಚಂದಯ್ಯನೇ ಕೈ ಆಡಿಸಿದ. "ಸಹಿ ಮಾತ್ರ ಆತಿಲ್ಲೆ ಮಗಾ. ಬೇರೆಂತಾರೂ ಕೇಣ್."

ಬೇರೆ ದಾರಿ ಹೊಳೆದದ್ದು ಶರಣ್ಯಾಳಿಗೆ. ಎರಡು ದಿನ ಬಿಟ್ಟು ಬಲೆ ರಿಪೇರಿ ಇತ್ತು. ಅವತ್ತು ಬಲೆಯನ್ನು ಮರಳಿನ ಮೇಲೆ ಉದ್ದಕ್ಕೆ ಹಾಸುತ್ತಾರೆ. ಪ್ರತಿ ಮನೆಯವನೂ ತನ್ನ ತುಂಡಿನ ಹತ್ತಿರ ಕೂತು ತನ್ನ ತೂತನ್ನು ತಾನೇ ಹೊಲಿಯುತ್ತಾನೆ. ಇನ್ನೊಬ್ಬರ ತುಂಡಿಗೆ ಯಾರೂ ಸೂಜಿ ಹಾಕುವುದಿಲ್ಲ. ಯಾರ ತುಂಡು ಯಾವುದು ಎಂದು ತಿಳಿಯಲು ಮೇಲಿನ ಹಗ್ಗಕ್ಕೆ ಬೇರೆ ಬೇರೆ ಬಣ್ಣದ ದಾರ ಕಟ್ಟಿರುತ್ತಾರೆ. "ಸಹಿ ಬೇಡ ಅಜ್ಜ" ಎಂದಳು ಅವಳು. "ನಿಮ್ ನಿಮ್ ತುಂಡಿನತ್ರ ನಿಂತ್ಕಣಿ. ಫೋಟೋ ತೆಗಿತ್ರ್ ಟೀಚರ್." ಫೋಟೋಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ನಾಗನಂತೂ ಮದುವೆಯ ಅಂಗಿ ಹಾಕಿಕೊಂಡು ಬಂದ.

ಅಮಿತಾ ತಮ್ಮನ ಕ್ಯಾಮೆರಾ ತಂದು ಹೆದ್ದಾರಿಯ ಬದಿಯ ಕಲ್ಲಿನ ರಾಶಿ ಹತ್ತಿ ನಿಂತರು. ಗುಡ್ಡನಿಗೆ ಎಲ್ಲರ ಮೇಲೂ ಅನುಮಾನ. ಈ ಟೀಚರು ಒಂದಿಬ್ಬರನ್ನು ಬಿಟ್ಟು ತೆಗೆದರೆ? ಆ ನಾಗ ಎರಡು ತುಂಡಿಗೆ ಕಾಲು ಹಾಕಿ ನಿಂತರೆ? ಅವನು ಅಮಿತಾರ ಬೆನ್ನ ಹಿಂದೆಯೇ ನಿಂತು ಕೂಗಿದ್ದೇ ಕೂಗಿದ್ದು. "ಹ್ವಾಯ್ ಮಂಜ, ಇತ್ಲಾಗ್ ಬಾ! ಅದ್ ನಿನ್ ತುಂಡಲ್ಲ! ಏ ನಾಗ, ಹಲ್ ಕಿಸಿಬೇಡ, ಹೆಣ್ ಕಾಂಬುಕೆ ಬಂದದ್ದಲ್ಲ ನೀನ್!" ಮೂರು ಫೋಟೋದಲ್ಲಿ ಇಡೀ ಬಲೆ ಬಂತು. ಇಪ್ಪತ್ತೆರಡು ಮನೆ, ಇಪ್ಪತ್ತೆರಡು ತುಂಡು, ನಮ್ಮದು ಅದರಲ್ಲಿ ಒಂದೇ ಎಂದು ಶರಣ್ಯಾ ವಿವರವಾಗಿ ಬರೆದು, ಅಪ್ಪ ಬ್ಯಾಂಕಿನಲ್ಲಿ ಸಿಟ್ಟಿನಲ್ಲಿ ಆಡಿದ ಮಾತನ್ನೂ ಮುಚ್ಚಿಡದೆ ಬರೆದು ಕಳಿಸಿದಳು.

ಐದನೇ ದಿನಕ್ಕೆ ಉತ್ತರ ಬಂತು. ಅಮಿತಾ ಸೈಬರಿನಲ್ಲಿ ಕೂತು ಪರದೆ ಓದಿದರು. ಗುಡ್ಡ ಅವರ ಕುರ್ಚಿಯ ಹಿಂದೆ ನಿಂತಿದ್ದ.

"ಎಂತ ಅಂಬ್ರ್ ಟೀಚರೇ?"

"ಫೋಟೋ ಕಂಡಿದ್ರ್ ಅಂಬ್ರ್. ತುಂಡ್ ಇಪ್ಪತ್ತೆರ್ಡ್ ಸರಿ ಇತ್ತ್ ಅಂಬ್ರ್." ಅವರು ಬೆರಳಿಟ್ಟು ಮುಂದಿನ ಸಾಲು ಓದಿದರು. "ಆದ್ರೆ ಜನ ಇಪ್ಪತ್ತೊಂದೇ ಇದ್ರ್ ಅಂಬ್ರ್. ಎಡದಿಂದ ಒಂಬತ್ನೇ ತುಂಡಿನತ್ರ, ನೀಲಿ ದಾರದ್ರತ್ರ, ಯಾರೂ ನಿಂತಿಲ್ಲೆ. ಅದ್ ಯಾರದ್ದ್ ಅಂದ್ ಕೇಂಡಿದ್ರ್."

ನೀಲಿ ದಾರದ ತುಂಡು ಗುಡ್ಡನದು. ಊರವರನ್ನೆಲ್ಲ ಅವರವರ ಜಾಗದಲ್ಲಿ ನಿಲ್ಲಿಸಿ, ಕಾಯುವ ಭರದಲ್ಲಿ, ತನ್ನ ಜಾಗದಲ್ಲಿ ತಾನೇ ನಿಂತಿರಲಿಲ್ಲ.

ಶರಣ್ಯಾ ಮುಖ ಮುಚ್ಚಿಕೊಂಡಳು. ಇನ್ನು ಉಳಿದದ್ದು ಎರಡು ದಿನ. ಈಗ ಅಪ್ಪ ಕುರ್ಚಿ ಎತ್ತಿ ಒಗೆಯುತ್ತಾನೆ ಎಂದು ಕಾದಳು. ಗುಡ್ಡ ಪರದೆಯ ಹತ್ತಿರ ಮುಖ ತಂದು ಓದಲು ಬಾರದ ಆ ಅಕ್ಷರಗಳನ್ನು ನೋಡಿದ.

"ಎಣ್ಸಿದ್ದ್ ಯಾರ್?"

"ಆ ಆಫೀಸಿನ್ ಹೆಂಗ್ಸ್. ಅವ್ರೇ ಬರ್ದದ್ದ್."

"ಒಂದೊಂದೇ ಎಣ್ಸಿರಾ? ದಾರದ್ ಬಣ್ಣವೂ ಕಂಡ್ರಾ?"

"ಕಾಣದೆ ಹ್ಯಾಂಗ್ ಬರೀತ್ರ್?"

ಗುಡ್ಡ ಬಾಗಿಲಿಗೆ ಬಂದು ಹೊರಗೆ ನೋಡುತ್ತ ನಿಂತ. ಲಾಡ್ಜಿನ ಆ ಬಿಳಿ ಅಂಗಿಯವನು ನೆನಪಾದ. ಆ ಮನುಷ್ಯ ಏನನ್ನೂ ಎಣಿಸಿರಲಿಲ್ಲ. ಯಾವ ಕಾಗದವನ್ನೂ ತಾಳೆ ನೋಡಿರಲಿಲ್ಲ. ಅಡ್ಡಿಲ್ಲ, ಅಡ್ಡಿಲ್ಲ ಎನ್ನುತ್ತಲೇ ಇದ್ದ. ತಿನ್ನಲು ಬಂದವನಿಗೆ ಲೆಕ್ಕ ತಪ್ಪಿದರೆ ಏನಾಗಬೇಕು? ಏಳು ಕಡಲಿನ ಆಚೆ ಕೂತ ಈ ಹೆಂಗಸು ತ್ರಾಸಿಯ ಮರಳಿನ ಮೇಲೆ ನಿಂತ ಮೊಗವೀರರನ್ನು ಬೆರಳು ಮಡಚಿ ಎಣಿಸಿದ್ದಾಳೆ. ಒಬ್ಬ ಕಡಿಮೆ ಎಂದು ಹಿಡಿದಿದ್ದಾಳೆ. ತನ್ನ ಹಾಗೆಯೇ ಇವಳೂ ಯಾರನ್ನೂ ನಂಬುವವಳಲ್ಲ. ದುಡ್ಡು ನಿಜವಾಗಿ ಕೊಡುವವಳಲ್ಲದಿದ್ದರೆ ಇಷ್ಟು ಸಂಶಯ ಅವಳಿಗೆ ಯಾಕೆ?

"ಈ ಹೆಂಗ್ಸ್ ಅಡ್ಡಿಲ್ಲೆ" ಎಂದ ಗುಡ್ಡ. "ಕ್ಯಾಮೆರಾ ಇತ್ತಾ ಟೀಚರೇ?"

ಆ ಸಂಜೆಯೇ ಬಲೆಯ ಒಂಬತ್ತನೇ ತುಂಡನ್ನು ಬಿಡಿಸಿ ಹಾಸಿದರು. ಗುಡ್ಡ ಇಸ್ತ್ರಿ ಅಂಗಿ ತೊಟ್ಟು, ನೀಲಿ ದಾರವನ್ನು ಕೈಯಲ್ಲಿ ಎತ್ತಿ ಹಿಡಿದು, ಕ್ಯಾಮೆರಾವನ್ನೇ ಗುರಾಯಿಸುತ್ತ ನಿಂತ. ಅವನ ಜೀವಮಾನದಲ್ಲಿ ಅವನೊಬ್ಬನೇ ಇರುವ ಫೋಟೋ ಅದೊಂದೇ. ಆಮೇಲೆ ಮನೆಯಲ್ಲಿ ಮಗಳನ್ನು ಕೂರಿಸಿಕೊಂಡು "ಬರಿ" ಎಂದ. ಹಂಡೆ, ಸೈಕಲ್ಲು, ಎರಡು ಮಂಚ, ಪುಷ್ಪಳ ತಕ್ಕಡಿ, ಒಂದೂ ಬಿಡದೆ ಹೇಳಿದ. ಕೊನೆಗೆ ದನಿ ತಗ್ಗಿಸಿದ. "ಮತ್ತೆ ಆರ್ ಸಾವ್ರ ಇತ್ತ್. ಬಲಿಗ್ ಕಟ್ಟು ಹಳೇ ಬೆಂಡಿನ್ ಗೋಣಿ ಒಳ್ಗೆ."

"ಎಂತ? ಎಲ್ಲ್?" ಎಂದು ಒಳಗಿನಿಂದ ಪುಷ್ಪಳ ದನಿ ಬಂತು. "ಎಷ್ಟ್ ವರ್ಷ್ದಿಂದ ಇತ್ತ್ ಹ್ವಾಯ್ ಅದ್ ಅಲ್ಲಿ?"

ಅವತ್ತು ಗುಡ್ಡನ ಮನೆಯಲ್ಲಿ ಆದದ್ದನ್ನು ಇಲ್ಲಿ ಬರೆಯುವುದು ಬೇಡ. ಆದರೆ ಆ ಆರು ಸಾವಿರವೂ ಕಾಲೇಜಿಗೆ ಹೋದ ಪಟ್ಟಿಯಲ್ಲಿ ಸೇರಿತು.

ಏಪ್ರಿಲಿನಲ್ಲಿ ಕಾಗದ ಬಂತು. ಶರಣ್ಯಾಳಿಗೆ ಸೀಟು ಸಿಕ್ಕಿದೆ. ಓದು, ಊಟ, ಕೋಣೆ, ಪುಸ್ತಕ, ಹೋಗುವ ವಿಮಾನದ ಟಿಕೆಟ್ಟು ಎಲ್ಲ ಕಾಲೇಜಿನದು. ಮನೆಯವರು ಹಾಕಬೇಕಾದದ್ದು ವರ್ಷಕ್ಕೆ ನಾಲ್ಕು ಸಾವಿರ ರೂಪಾಯಿ ಚಿಲ್ಲರೆ. ಅಮಿತಾ ಓದಿ ಹೇಳಿದರು. ಗುಡ್ಡ ಇನ್ನೊಮ್ಮೆ ಓದಿಸಿದ. ಮೂರನೇ ಸಲ ಓದಿಸಿ, ಕಾಗದ ಕೈಗೆ ತೆಗೆದುಕೊಂಡು ಹಿಂದೆ ತಿರುಗಿಸಿ ನೋಡಿದ. ಹಿಂದೆ ಏನೂ ಬರೆದಿರಲಿಲ್ಲ.

"ಗೋಣಿ ದುಡ್ಡೇ ಆರ್ ಸಾವ್ರ ಅಂದ್ ಹೇಳಿತ್ತ್ ನಾವ್. ನಾಕೇ ಕೇಂಡ್ರಾ?"

"ಎರ್ಡ್ ನಿಮ್ಗಿರ್ಲಿ ಅಂದ್ ಬಿಟ್ರ್ ಕಾಣತ್ತ್" ಎಂದರು ಅಮಿತಾ.

ಗುಡ್ಡ ಆ ಕಾಗದವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪಕಾಸಿನಲ್ಲಿ ದೋಣಿಯ ಕಾಗದದ ಪಕ್ಕ ಇಟ್ಟ. ಆಗಸ್ಟಿನಲ್ಲಿ ಹುಡುಗಿ ಹೋದಳು. ಗುಡ್ಡ ಮತ್ತೆ ಹಗ್ಗ ಹಿಡಿದ, ನಾಗನ ಜೊತೆ ಮತ್ತೆ ಬೇರೆ ವಿಷಯಕ್ಕೆ ಜಗಳ ಮಾಡಿದ. ಮೀನು ಎಷ್ಟು ಬಿತ್ತು ಎಂದು ಯಾರಾದರೂ ಕೇಳಿದರೆ ಈಗಲೂ ‘ಬಿದ್ದಷ್ಟ್’ ಎಂದೇ ಹೇಳುತ್ತಿದ್ದ.

ಆದರೆ ದುಡ್ಡಿನ ಆ ಫಾರಮ್ಮು ಪ್ರತಿ ವರ್ಷ ತಿರುಗಿ ತುಂಬಬೇಕು. ಪ್ರತಿ ವರ್ಷದ ಆರಂಭದಲ್ಲಿ ಗುಡ್ಡ ಒಂದು ಚೀಲದಲ್ಲಿ ಕಾಣೆ ಮೀನು ಹಿಡಿದು ಬಸ್ಸಿನಲ್ಲಿ ಬ್ರಹ್ಮಾವರಕ್ಕೆ ಹೋಗಿ ಅಮಿತಾರ ಮನೆಯ ಜಗಲಿಯಲ್ಲಿ ಕೂರುತ್ತಿದ್ದ. ಮೀನು ಒಳಗೆ ಕೊಟ್ಟು, ಬೆರಳು ಮಡಚುತ್ತ ಮನೆಯಲ್ಲಿ ಇದ್ದದ್ದೆಲ್ಲ ಹೇಳುತ್ತಿದ್ದ. 2012ರಲ್ಲಿ ಪಟ್ಟಿ ಮುಗಿಯಿತು ಎಂದು ಅಮಿತಾ ಪೆನ್ನು ಮುಚ್ಚುವಾಗ ತಡೆದ.

"ಒಂದ್ ಟಿವಿ ಬಂದಿತ್ತ್. ನಾಗನ ಭಾವ ಹಳೇದ್ ಕೊಟ್ಟದ್ದ್."

"ಹಳೇ ಟಿವಿ ಎಲ್ಲ ಬರಿಯುದ್ ಬೇಡ ಗುಡ್ಡಣ್ಣ. ಅದ್ನೆಲ್ಲ ಅವ್ರ್ ಕೇಂತಿಲ್ಲೆ."

ಗುಡ್ಡನಿಗೆ ಸಿಟ್ಟು ಬಂತು. "ಬರೀರಿ ಟೀಚರೇ! ಆ ಹೆಂಗ್ಸ್ ಎಣ್ಸ್ತ್ಲ್."